ಸಿಗ್ನಲ್ ಇದೆ, ನೆಟ್ ಇಲ್ಲ

ಮಲೆನಾಡಿನ ಗುಡ್ಡಗಳ ನೆತ್ತಿಯಲ್ಲಿ, ಅಡಿಕೆ ತೋಟದ ಮನೆಗಳ ಮಾಡಿನ ಮೇಲೆ, ಹೈಸ್ಕೂಲಿನ ತಾರಸಿಯ ಮೇಲೆ ಈಗೀಗ ಬಿಳಿ ಬಣ್ಣದ ಸಣ್ಣ ಡಿಶ್‌ಗಳು ಕಾಣಸಿಗುತ್ತವೆ. ಟಿವಿಯ ಡಿಶ್ ಆಕಾಶ ನೋಡುತ್ತದೆ; ಇವು ನೆಟ್ಟಗೆ ಎದುರು ಗುಡ್ಡವನ್ನು ನೋಡುತ್ತವೆ. ಫೈಬರ್ ಕೇಬಲ್ ಪೇಟೆಯವರೆಗೆ ಬಂದು ನಿಂತುಬಿಟ್ಟ ಕಡೆ, ಅಲ್ಲಿಂದಾಚೆಯ ನಾಲ್ಕೋ ಎಂಟೋ ಕಿಲೋಮೀಟರ್ ಕಾಡು-ಕಣಿವೆಯನ್ನು 5 ಗಿಗಾಹರ್ಟ್ಸ್ ರೇಡಿಯೊ ಅಲೆಯ ಮೇಲೆ ದಾಟಿಸುವ ಉಪಕರಣ ಇದು. ಡಿಶ್‌ನ ಬೆನ್ನಿಗೆ ಅಂಟಿಕೊಂಡಿರುವ ಅಂಗೈಯಗಲದ ಪೆಟ್ಟಿಗೆಯೊಳಗೆ ರೇಡಿಯೊ ಇದೆ, ಜೊತೆಗೇ ಒಂದು ಪೂರ್ತಿ ರೂಟರ್ ಕೂಡ ಇದೆ. ಈ ಎರಡನೆಯ ಸಂಗತಿಯನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ.

ನೆಟ್ ಹೋಯಿತೆಂದು ಫೋನ್ ಬಂದಾಗ ಕೆಲಸದ ಹುಡುಗ ಏಣಿ ಹತ್ತಿ ಡಿಶ್ಶನ್ನು ಆಚೆಗಿಷ್ಟು ಈಚೆಗಿಷ್ಟು ತಿರುಗಿಸುತ್ತಾನೆ. ರೇಡಿಯೊದ ಪುಟದಲ್ಲಿ ಸಿಗ್ನಲ್ ಮೈನಸ್ 58 ಎಂದು ತೋರಿಸುತ್ತಿದೆ, ಅದು ಒಳ್ಳೆಯ ಸಿಗ್ನಲ್ಲೇ. ಪೆಟ್ಟಿಗೆಯ ಹಸಿರು ದೀಪಗಳೆಲ್ಲ ಉರಿಯುತ್ತಿವೆ. ಕೆಳಗೆ ಜಗಲಿಯಲ್ಲಿ ಕೂತವರ ಮೊಬೈಲ್‌ನಲ್ಲಿ ಮಾತ್ರ ಒಂದು ಪುಟವೂ ತೆರೆಯುತ್ತಿಲ್ಲ. ‘ಸಿಗ್ನಲ್ ಫುಲ್ ಇದೆ ಮಾರಾಯ್ರೆ, ನೆಟ್ ಯಾಕೆ ಇಲ್ಲವೋ ಗೊತ್ತಿಲ್ಲ’ ಎಂಬ ಮಾತು ಈ ಕಸುಬಿನಲ್ಲಿ ದಿನಾ ಕಿವಿಗೆ ಬೀಳುವಂಥದ್ದು. ಅಲೆ ಸರಿಯಾಗಿಯೇ ಬಂದು ತಲುಪಿದೆ. ಅದರ ಮೇಲೆ ಹೊರಟ ಪ್ಯಾಕೆಟ್‌ಗೆ, ಅಂದರೆ ಮಾಹಿತಿಯ ತುಣುಕಿಗೆ, ದಾರಿ ಸಿಕ್ಕಿಲ್ಲ. ಇಂಥ ಜಾಲಗಳನ್ನು ಹತ್ತಿರದಿಂದ ನೋಡಿಕೊಂಡು ಬಂದ ನನ್ನ ಅಭಿಪ್ರಾಯ ಇಷ್ಟು: ಕಂಬ ಹತ್ತುವ ಮೊದಲೇ ಯಾವ ಪೆಟ್ಟಿಗೆಗೆ ಯಾವ ವಿಳಾಸ, ಯಾವುದು ಬ್ರಿಡ್ಜ್, ಯಾವುದು ರೂಟರ್ ಎಂದು ಕಾಗದದ ಮೇಲೆ ಬರೆದುಕೊಳ್ಳದ ಜಾಲ ನಾಲ್ಕಾರು ಮನೆಗಳಾಚೆ ನೆಮ್ಮದಿಯಾಗಿ ಬೆಳೆಯುವುದಿಲ್ಲ.

ಮೊದಲು ಹೊಸ ರೇಡಿಯೊ ಒಂದನ್ನು ಮೇಜಿನ ಮೇಲಿಟ್ಟು ನೋಡೋಣ. ಅದಕ್ಕೆ ಕರೆಂಟೂ ಡೇಟಾವೂ ಒಂದೇ ಕೇಬಲ್‌ನಲ್ಲಿ ಹೋಗುತ್ತವೆ. ಕೆಳಗೆ ಮನೆಯೊಳಗಿರುವ ಸಣ್ಣ ಅಡಾಪ್ಟರ್ ಎರಡನ್ನೂ ಕೂಡಿಸಿ ಮೇಲಕ್ಕೆ ಕಳಿಸುತ್ತದೆ. ಕಾರ್ಖಾನೆಯಿಂದ ಬರುವಾಗಲೇ ಪೆಟ್ಟಿಗೆಗೆ ಒಂದು ವಿಳಾಸ ಇರುತ್ತದೆ. ಯುಬಿಕ್ವಿಟಿಯ ರೇಡಿಯೊ ಆದರೆ 192.168.1.20, ಮೈಕ್ರೊಟಿಕ್‌ನದಾದರೆ 192.168.88.1. ಲ್ಯಾಪ್‌ಟಾಪ್‌ಗೂ ಅದೇ ಸಾಲಿನ ಒಂದು ವಿಳಾಸ, ಮೊದಲಿನದಕ್ಕೆ 192.168.1.10ರಂಥದ್ದು, ಇದ್ದರೆ ಮಾತ್ರ ಬ್ರೌಸರ್‌ನಲ್ಲಿ ಅದರ ಪುಟ ತೆರೆಯುತ್ತದೆ. ಎರಡು ಹೊಸ ರೇಡಿಯೊಗಳನ್ನು ಹಾಗೆಯೇ ಒಯ್ದು ಎದುರುಬದುರು ಕಟ್ಟಿದರೆ ಎರಡಕ್ಕೂ ಒಂದೇ ವಿಳಾಸ ಇರುತ್ತದೆ. ಆಗ ಪುಟ ಒಮ್ಮೆ ಈ ಕಡೆಯದು, ಇನ್ನೊಮ್ಮೆ ಆ ಕಡೆಯದು ತೆರೆದುಕೊಳ್ಳುತ್ತ ಬೆಳಗಿನಿಂದ ಸಂಜೆಯವರೆಗೆ ಜನರನ್ನು ದಣಿಸುತ್ತದೆ. ವಿಳಾಸ ಬದಲಿಸುವ ಕೆಲಸವನ್ನು ಮೇಜಿನ ಮೇಲೆಯೇ ಮುಗಿಸಬೇಕು.

192.168ರಿಂದ ಶುರುವಾಗುವ ಈ ವಿಳಾಸಗಳು ಎಲ್ಲರ ಮನೆಯಲ್ಲೂ ಇವೆ. ಇಂಟರ್‌ನೆಟ್‌ನ ನಾಲ್ಕನೆಯ ಆವೃತ್ತಿಯ ವಿಳಾಸ 32 ಬಿಟ್‌ಗಳದ್ದು. 1981ರಲ್ಲಿ ಅದನ್ನು ನಿಗದಿ ಮಾಡಿದಾಗ ಸುಮಾರು 429 ಕೋಟಿ ವಿಳಾಸ ಧಾರಾಳವೆನಿಸಿತ್ತು. ಅದು ಸಾಲದೆಂದು ಬೇಗನೆ ತಿಳಿಯಿತು. 1994ರಲ್ಲಿ ಮೂರು ಗುಂಪುಗಳನ್ನು ಖಾಸಗಿ ಬಳಕೆಗೆಂದು ತೆಗೆದಿಟ್ಟರು: 10ರಿಂದ ಶುರುವಾಗುವವು ಅಷ್ಟೂ, 172.16ರಿಂದ 172.31ರವರೆಗೆ, ಮತ್ತು 192.168ರವು. ಇವನ್ನು ಯಾರನ್ನೂ ಕೇಳದೆ ಯಾರು ಬೇಕಾದರೂ ತಮ್ಮ ಜಾಲದೊಳಗೆ ಬಳಸಬಹುದು. ಹೊರಗಿನ ಇಂಟರ್‌ನೆಟ್‌ನಲ್ಲಿ ಇವು ನಡೆಯುವುದಿಲ್ಲ. 2011ರ ಫೆಬ್ರವರಿಯಲ್ಲಿ ವಿಶ್ವದ ಕೇಂದ್ರ ಸಂಗ್ರಹ ಖಾಲಿಯಾಯಿತು, ಏಪ್ರಿಲ್ ಹೊತ್ತಿಗೆ ಏಷ್ಯಾ-ಪೆಸಿಫಿಕ್ ಭಾಗಕ್ಕೆ ಉಳಿದಿದ್ದೂ ಕೊನೆಯ ಕಂತಿಗೆ ಇಳಿಯಿತು. ಹಾಗಾಗಿ ಹಳ್ಳಿಯ ಜಾಲ ಕಟ್ಟುವವರಿಗೆ ಖಾಸಗಿ ವಿಳಾಸವೇ ಗತಿ. 10ರ ಗುಂಪೊಂದರಲ್ಲೇ 1.67 ಕೋಟಿಗೂ ಹೆಚ್ಚು ವಿಳಾಸಗಳಿವೆ. ಜಿಪುಣತನ ಮಾಡುವ ಅಗತ್ಯವಿಲ್ಲ.

ಇನ್ನು ಮೋಡ್‌ನ ವಿಚಾರ. ರೇಡಿಯೊದ ಪುಟದಲ್ಲಿ ನೆಟ್‌ವರ್ಕ್ ಎಂಬ ಭಾಗಕ್ಕೆ ಹೋದರೆ ‘ಬ್ರಿಡ್ಜ್’, ‘ರೂಟರ್’ ಎಂಬ ಆಯ್ಕೆಗಳಿರುತ್ತವೆ. ಬ್ರಿಡ್ಜ್ ಆಯ್ದುಕೊಂಡರೆ ಪೆಟ್ಟಿಗೆ ಕೇಬಲ್‌ನಲ್ಲಿ ಬಂದದ್ದನ್ನು ಗಾಳಿಗೆ, ಗಾಳಿಯಲ್ಲಿ ಬಂದದ್ದನ್ನು ಕೇಬಲ್‌ಗೆ ಇದ್ದಂತೆಯೇ ದಾಟಿಸುತ್ತದೆ. ಐಪಿ ವಿಳಾಸವನ್ನು ಅದು ನೋಡುವುದೇ ಇಲ್ಲ; ಯಂತ್ರಕ್ಕೆ ಹುಟ್ಟುತ್ತಲೇ ಬಂದ 48 ಬಿಟ್‌ಗಳ ಮ್ಯಾಕ್ ವಿಳಾಸವನ್ನಷ್ಟೇ ನೋಡುತ್ತದೆ. ಆ ರೇಡಿಯೊಗೊಂದು ಐಪಿ ವಿಳಾಸ ಕೊಡುತ್ತೇವಲ್ಲ, ಅದು ನಾವು ಒಳಹೊಕ್ಕು ಸೆಟ್ಟಿಂಗ್ ನೋಡಲಿಕ್ಕೆ ಮಾತ್ರ. ಆ ವಿಳಾಸ ತಪ್ಪಿದ್ದರೂ ಊರಿನ ನೆಟ್ ಓಡುತ್ತಲೇ ಇರುತ್ತದೆ. ಇದು ಹೊಸಬರಿಗೆ ಬಹಳ ಗೊಂದಲ ತರುವ ಸಂಗತಿ. ರೂಟರ್ ಮೋಡ್‌ನಲ್ಲಿ ಪೆಟ್ಟಿಗೆಗೆ ಎರಡು ಬದಿ, ಎರಡು ವಿಳಾಸ. ಗಾಳಿಯ ಕಡೆ ಒಂದು ಜಾಲ, ಕೇಬಲ್‌ನ ಕಡೆ ಇನ್ನೊಂದು. ಪ್ರತಿ ಪ್ಯಾಕೆಟ್‌ನ ಗುರಿಯ ಐಪಿ ವಿಳಾಸ ಓದಿ, ತನ್ನಲ್ಲಿರುವ ದಾರಿಗಳ ಪಟ್ಟಿ ನೋಡಿ ಮುಂದೆ ಕಳಿಸುತ್ತದೆ.

ಬ್ರಿಡ್ಜ್ ಮೋಡ್ ಸುಲಭ, ಏನೂ ಯೋಚಿಸಬೇಕಿಲ್ಲ. ಎರಡೇ ಕಡೆಯ ಜಾಲಕ್ಕೆ ಅದೇ ಸರಿ ಕೂಡ. ಆದರೆ ವೈಫೈ ಹುಟ್ಟಿದ್ದು ಒಬ್ಬೊಬ್ಬ ಬಳಕೆದಾರನ ಲ್ಯಾಪ್‌ಟಾಪ್‌ಗಾಗಿ ಎಂಬುದನ್ನು ಇಲ್ಲಿ ನೆನಪಿಡಬೇಕು. ವೈಫೈಯಲ್ಲಿ ಸಾಮಾನ್ಯವಾಗಿ ಹೋಗುವ ಫ್ರೇಮ್‌ನಲ್ಲಿ, ಅಂದರೆ ಪ್ಯಾಕೆಟ್ಟನ್ನು ಹೊತ್ತ ಹೊದಿಕೆಯಲ್ಲಿ, ಮೂರು ಮ್ಯಾಕ್ ವಿಳಾಸಗಳಿರುತ್ತವೆ: ಟವರ್‌ನ ರೇಡಿಯೊದ್ದು, ಗಿರಾಕಿಯ ರೇಡಿಯೊದ್ದು, ಆಚೆ ತುದಿಯ ಯಂತ್ರದ್ದು. ಗಿರಾಕಿಯ ರೇಡಿಯೊ ಅಂದರೆ ಲ್ಯಾಪ್‌ಟಾಪೇ ಎಂದಾದರೆ ಮೂರು ಸಾಕು, ಗಾಳಿಗೆ ಬಿಟ್ಟವನೂ ಮಾತು ಆಡಿದವನೂ ಒಬ್ಬನೇ. ನಮ್ಮ ಡಿಶ್‌ನ ಹಿಂದೆ ಹಾಗಲ್ಲ. ಒಂದು ಕಂಪ್ಯೂಟರ್, ಒಂದು ಟಿವಿ, ಸಿಸಿ ಕ್ಯಾಮೆರಾ ಎಲ್ಲ ಇವೆ. ಮಾತು ಆಡಿದ್ದು ಕ್ಯಾಮೆರಾ, ಗಾಳಿಗೆ ಬಿಟ್ಟದ್ದು ಡಿಶ್. ಇಬ್ಬರ ವಿಳಾಸವನ್ನೂ ಬರೆಯಲು ನಾಲ್ಕನೆಯ ಜಾಗ ಬೇಕು. ವೈಫೈ ಮಾನಕದಲ್ಲಿ ಆ ನಾಲ್ಕನೆಯ ಜಾಗ ಇದೆ, ಆದರೆ ಮಾಮೂಲು ಸೆಟ್ಟಿಂಗ್‌ನಲ್ಲಿ ಅದು ಬಳಕೆಯಲ್ಲಿಲ್ಲ. ಡಬ್ಲ್ಯುಡಿಎಸ್ ಎಂಬ ಚೌಕಕ್ಕೆ ಟಿಕ್ ಹಾಕುವುದೆಂದರೆ ಆ ಜಾಗವನ್ನು ಬಳಕೆಗೆ ತರುವುದು. ಮೈಕ್ರೊಟಿಕ್‌ನಲ್ಲಿ ‘ಸ್ಟೇಷನ್ ಬ್ರಿಡ್ಜ್’ ಎಂದು ಇದೇ ಕೆಲಸಕ್ಕೆ ಇನ್ನೊಂದು ಹೆಸರು. ಅದು ಎರಡೂ ತುದಿಯಲ್ಲಿ ಅದೇ ಕಂಪನಿಯ ರೇಡಿಯೊ ಇದ್ದರೆ ಮಾತ್ರ ನಡೆಯುತ್ತದೆ.

ಎರಡೂ ತುದಿ ಒಂದೇ ಕಂಪನಿಯದಲ್ಲದಿದ್ದರೆ ಕೆಲವರು ‘ಸ್ಟೇಷನ್ ಸೂಡೊಬ್ರಿಡ್ಜ್’ ಹಾಕಿ ಕೈತೊಳೆದುಕೊಳ್ಳುತ್ತಾರೆ. ಅದರಲ್ಲಿ ಡಿಶ್ ತನ್ನ ಹಿಂದಿನವರೆಲ್ಲರ ಮ್ಯಾಕ್ ವಿಳಾಸ ಅಳಿಸಿ ತನ್ನದನ್ನೇ ಬರೆದು ಕಳಿಸುತ್ತದೆ. ಮರಳಿ ಬಂದದ್ದು ಯಾರದೆಂದು ಐಪಿ ವಿಳಾಸ ನೋಡಿ ಊಹಿಸುತ್ತದೆ. ನಾಲ್ಕನೆಯ ಆವೃತ್ತಿಯ ಐಪಿಗೆ ಇದು ಹೇಗೋ ನಡೆಯುತ್ತದೆ, ಆರನೆಯ ಆವೃತ್ತಿಗೆ ನಡೆಯುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ನೆಟ್ ಬರುತ್ತದೆ, ಪಕ್ಕದ ಕ್ಯಾಮೆರಾಕ್ಕೆ ಬರುವುದಿಲ್ಲ ಎಂಬಂಥ ವಿಚಿತ್ರ ದೂರುಗಳಲ್ಲಿ ಮೊದಲು ನೋಡಬೇಕಾದ್ದು ಈ ಸೆಟ್ಟಿಂಗನ್ನು.

ಬ್ರಿಡ್ಜ್‌ನ ದೊಡ್ಡ ತೊಂದರೆ ಶುರುವಾಗುವುದು ಮನೆಗಳು ಹೆಚ್ಚಿದಾಗ. ಎಲ್ಲ ರೇಡಿಯೊಗಳೂ ಬ್ರಿಡ್ಜ್ ಆದರೆ ಇಡೀ ಊರು ಒಂದೇ ಜಾಲ. ಮದುವೆ ಮನೆಯ ಪಂಕ್ತಿಯಲ್ಲಿ ಬಡಿಸುವವನು ‘ಅನ್ನ ಯಾರಿಗೆ?’ ಎಂದು ಕೂಗಿದರೆ ಬೇಕಾದವರೂ ಬೇಡದವರೂ ತಲೆ ಎತ್ತಿ ನೋಡುತ್ತಾರಲ್ಲ, ಹಾಗೆ ಒಂದು ಮನೆಯ ಯಂತ್ರ ‘ಈ ಐಪಿ ಯಾರದು?’ ಎಂದು ಕೇಳಿದರೆ ಆ ಪ್ರಶ್ನೆ ಎಲ್ಲ ಮನೆಗಳಿಗೂ ಹೋಗುತ್ತದೆ. ತಂತಿಯ ಜಾಲದಲ್ಲಿ ಇದು ಅಷ್ಟು ಭಾರವಲ್ಲ. ಗಾಳಿಯಲ್ಲಿ ಭಾರ. ಮಾಮೂಲು ವೈಫೈ ಪದ್ಧತಿಯಲ್ಲಿ ಟವರ್‌ನ ರೇಡಿಯೊ ಇಂಥ ಎಲ್ಲರಿಗೂ ಸಲ್ಲುವ ಮಾತನ್ನು ಅತ್ಯಂತ ನಿಧಾನದ ವೇಗದಲ್ಲಿ ಹೇಳುತ್ತದೆ, ಏಕೆಂದರೆ ಅತಿ ದೂರದ, ಅತಿ ಕ್ಷೀಣ ಸಿಗ್ನಲ್‌ನ ಮನೆಗೂ ಅದು ಕೇಳಬೇಕು. ಅದು ಮುಗಿಯುವವರೆಗೆ ಬೇರೆ ಯಾರೂ ಮಾತಾಡುವಂತಿಲ್ಲ. ನೂರು ಮೆಗಾಬಿಟ್ ಸಾಗಿಸಬಲ್ಲ ಲಿಂಕ್ ತನ್ನ ಹೊತ್ತನ್ನೆಲ್ಲ ಈ ಕೂಗಾಟಕ್ಕೇ ಕೊಟ್ಟು ಕೂರುತ್ತದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಯಾರೋ ಒಬ್ಬರು ಪೇಟೆಯಿಂದ ಹೊಸ ವೈಫೈ ರೂಟರ್ ತಂದು, ಡಿಶ್‌ನಿಂದ ಇಳಿದ ಕೇಬಲ್ಲನ್ನು ಹೊರಗಿನ ಸಂಪರ್ಕಕ್ಕೆಂದಿರುವ ನೀಲಿ ಬಣ್ಣದ ವ್ಯಾನ್ ಕಿಂಡಿಗೆ ಚುಚ್ಚುವ ಬದಲು ಪಕ್ಕದ ಹಳದಿ ಕಿಂಡಿಗೆ ಚುಚ್ಚಿಬಿಡುತ್ತಾರೆ. ಆ ರೂಟರ್‌ಗೆ ತನ್ನ ಮನೆಯವರಿಗೆ ವಿಳಾಸ ಹಂಚುವುದು ಗೊತ್ತು. ಡಿಎಚ್‌ಸಿಪಿ ಎಂದರೆ ಅದೇ. ಕೇಬಲ್ ಬಂದಿರುವುದು ಮನೆಯೊಳಗಿನ ಕಿಂಡಿಗೆ, ಹಾಗಾಗಿ ಆಚೆಗಿನ ಇಡೀ ಊರೂ ತನ್ನ ಮನೆಯೇ ಎಂದು ಅದು ತಿಳಿಯುತ್ತದೆ. ಬೆಳಿಗ್ಗೆ ಎದ್ದು ಮೊಬೈಲ್ ಹಿಡಿದವರಿಗೆಲ್ಲ ಆ ರೂಟರೇ ವಿಳಾಸ ಕೊಡುತ್ತದೆ, ಹೊರಗೆ ಹೋಗುವ ಬಾಗಿಲು, ಅಂದರೆ ಗೇಟ್‌ವೇ, ತಾನೇ ಎಂದೂ ಹೇಳುತ್ತದೆ. ಎಲ್ಲರ ಪ್ಯಾಕೆಟ್‌ಗಳೂ ಆ ಒಂದು ಮನೆಗೆ ಹೋಗಿ ಅಲ್ಲೇ ಸಾಯುತ್ತವೆ. ಹಳೆಯ ವಿಳಾಸದ ಅವಧಿ ಮುಗಿಯದ ಕೆಲವರಿಗೆ ಮಾತ್ರ ನೆಟ್ ಇರುತ್ತದೆ, ಉಳಿದವರಿಗೆ ಇಲ್ಲ. ಸಿಗ್ನಲ್ ಎಲ್ಲರಿಗೂ ಚೆನ್ನಾಗಿದೆ. ತಪ್ಪು ಚುಚ್ಚಿದವರಿಗೆ ತಾವು ಮಾಡಿದ್ದು ತಿಳಿದೇ ಇರುವುದಿಲ್ಲ, ಮನೆಮನೆ ಹುಡುಕಿಕೊಂಡು ಹೋಗಬೇಕು. ಇಂಥದ್ದು ಆದಾಗ ಬಳಕೆದಾರರನ್ನು ದೂರುವುದು ನನಗೆ ಸರಿ ಕಾಣುವುದಿಲ್ಲ. ಒಂದು ಮನೆಯ ತಪ್ಪು ಊರಿಗೆ ಹರಡುವಂತೆ ಜಾಲ ಕಟ್ಟಿದವರದ್ದೇ ಹೊಣೆ.

ಬ್ರಿಡ್ಜ್ ಜಾಲದಲ್ಲಿ ಸುತ್ತು ಬಿದ್ದರೆ ತಡೆಯುವವರೂ ಇಲ್ಲ. ಐಪಿ ಪ್ಯಾಕೆಟ್‌ನಲ್ಲಿ ಟಿಟಿಎಲ್ ಎಂಬ ಒಂದು ಅಂಕಿ ಇರುತ್ತದೆ, ಸಾಮಾನ್ಯವಾಗಿ 64 ಅಥವಾ 128ರಿಂದ ಹೊರಟು ಪ್ರತಿ ರೂಟರ್ ದಾಟುವಾಗ ಒಂದೊಂದು ಕಡಿಮೆಯಾಗಿ, ಸೊನ್ನೆಗೆ ಬಂದಾಗ ಪ್ಯಾಕೆಟ್ಟನ್ನು ಎಸೆದುಬಿಡುತ್ತಾರೆ. ಬ್ರಿಡ್ಜ್ ಆ ಅಂಕಿಯನ್ನು ಮುಟ್ಟುವುದಿಲ್ಲ. ಎರಡು ಟವರ್‌ಗಳ ನಡುವೆ ‘ಒಂದು ಹೋದರೆ ಇನ್ನೊಂದಿರಲಿ’ ಎಂದು ಜೋಡಿ ಲಿಂಕ್ ಹಾಕಿ ಎರಡನ್ನೂ ಬ್ರಿಡ್ಜ್ ಮಾಡಿದರೆ ಒಂದೇ ಕೂಗು ಸುತ್ತುತ್ತ ಸುತ್ತುತ್ತ ಬೆಳೆದು ಕ್ಷಣಾರ್ಧದಲ್ಲಿ ಜಾಲವನ್ನು ಮುಳುಗಿಸುತ್ತದೆ. ಇದಕ್ಕೆ 1985ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿದ್ದ ರೇಡಿಯಾ ಪರ್ಲ್‌ಮನ್ ಸ್ಪ್ಯಾನಿಂಗ್ ಟ್ರೀ ಎಂಬ ಪರಿಹಾರ ಕಂಡುಹಿಡಿದರು. ಹೆಚ್ಚುವರಿ ದಾರಿಯನ್ನು ಯಂತ್ರಗಳೇ ಮಾತಾಡಿಕೊಂಡು ಮುಚ್ಚಿಡುತ್ತವೆ. ರೇಡಿಯೊದ ಪುಟದಲ್ಲಿ ಎಸ್‌ಟಿಪಿ ಎಂದು ಕಾಣುವುದು ಅದೇ.

ಹಾಗಾದರೆ ಎಲ್ಲವನ್ನೂ ರೂಟರ್ ಮೋಡ್‌ಗೆ ಹಾಕಿದರಾಯಿತೇ? ಅಲ್ಲಿಯೂ ಕಣ್ಣುಮುಚ್ಚಿ ಮಾಡುವಂತಿಲ್ಲ. ಒಂದು ಉದಾಹರಣೆ ಹಿಡಿಯೋಣ. ಪೇಟೆಯಲ್ಲಿ ಫೈಬರ್ ಇರುವ ಕಟ್ಟಡ, ಎಂಟು ಕಿಲೋಮೀಟರ್ ದೂರದ ಗುಡ್ಡದ ನೆತ್ತಿಯಲ್ಲಿ ಒಂದು ಕಂಬ, ಆ ಕಂಬಕ್ಕೆ ಕಾಣುವಂತೆ ಹಳ್ಳಿಯ ಶಾಲೆ, ಹಾಲಿನ ಸೊಸೈಟಿ, ಪಂಚಾಯಿತಿ ಕಚೇರಿ. ಪೇಟೆಗೂ ಗುಡ್ಡಕ್ಕೂ ನಡುವಿನ ಎರಡು ರೇಡಿಯೊಗಳನ್ನು ನಾನು ಬ್ರಿಡ್ಜ್ ಆಗಿಯೇ ಇಡುತ್ತೇನೆ. ಅವು ಉದ್ದನೆಯ ಕೇಬಲ್‌ನ ಕೆಲಸವನ್ನಷ್ಟೇ ಮಾಡಲಿ. ದಾರಿ ನೋಡುವ ಕೆಲಸಕ್ಕೆ ಎರಡೂ ತುದಿಯಲ್ಲಿ ಒಂದೊಂದು ಸಣ್ಣ ರೂಟರ್. ಈ ನಾಲ್ಕು ಯಂತ್ರಗಳಿಗೆ 10.20.0.0 ಎಂಬಲ್ಲಿಂದ ಎಂಟು ವಿಳಾಸಗಳ ಒಂದು ತುಂಡು, ತುಂಡಿನ ಅಳತೆ ಹೇಳುವ ಮಾಸ್ಕ್ 255.255.255.248. ಎಂಟರಲ್ಲಿ ಮೊದಲನೆಯದೂ ಕೊನೆಯದೂ ಬಳಕೆಗಿಲ್ಲ; ಉಳಿದ ಆರರಲ್ಲಿ ಪೇಟೆಯ ರೂಟರ್ 10.20.0.1, ಪೇಟೆಯ ರೇಡಿಯೊ .2, ಗುಡ್ಡದ ರೇಡಿಯೊ .3, ಗುಡ್ಡದ ರೂಟರ್ .4. ಎರಡು ವಿಳಾಸ ಮಿಗುತ್ತವೆ, ನಾಳೆ ಬೇಕಾಗುತ್ತವೆ.

ಗುಡ್ಡದಿಂದ ಹಳ್ಳಿಯತ್ತ ನೋಡುವ ರೇಡಿಯೊ ಇರುವ ಜಾಲ 10.20.10.0. ಅದರಲ್ಲಿ ಗುಡ್ಡದ ರೂಟರ್‌ನ ಈ ಬದಿ 10.20.10.1, ಶಾಲೆಯ ಡಿಶ್ .11, ಸೊಸೈಟಿಯದು .12, ಪಂಚಾಯಿತಿಯದು .13. ಈ ಮೂರು ಡಿಶ್‌ಗಳು ರೂಟರ್ ಮೋಡ್‌ನಲ್ಲಿ. ಅವುಗಳ ಒಳಗಿನ ಜಾಲಗಳು ಕ್ರಮವಾಗಿ 10.20.11.0, 10.20.12.0, 10.20.13.0, ತಲಾ 256 ವಿಳಾಸ, ಮಾಸ್ಕ್ 255.255.255.0. ಅಂಕಿ ನೋಡಿದೊಡನೆ ಯಾರ ಮನೆಯದು ಎಂದು ತಿಳಿಯಬೇಕು. ರಾತ್ರಿ ಹತ್ತು ಗಂಟೆಗೆ ಫೋನ್‌ನಲ್ಲಿ ದೂರು ಕೇಳುವವನಿಗೆ ಇದರ ಬೆಲೆ ಗೊತ್ತು. ಶಾಲೆಯಲ್ಲಿ ಯಾರಾದರೂ ಕೇಬಲ್ ತಪ್ಪಾಗಿ ಚುಚ್ಚಿದರೆ ಆ ರಗಳೆ ಶಾಲೆಯ ಡಿಶ್‌ನಲ್ಲೇ ನಿಲ್ಲುತ್ತದೆ. ಸೊಸೈಟಿಯಲ್ಲಿ ಬೆಳಗಿನ ಹಾಲು ಅಳೆಯುವ ಹೊತ್ತಿಗೆ ಲೆಕ್ಕದ ಕಂಪ್ಯೂಟರ್ ನಿಲ್ಲುವುದಿಲ್ಲ.

ಇಷ್ಟಾದರೂ ಶಾಲೆಯ ನೆಟ್ ತೆರೆಯದಿರಬಹುದು. ಶಾಲೆಯ ಡಿಶ್‌ಗೆ ‘ಹೊರಗಿನದೆಲ್ಲ 10.20.10.1ಕ್ಕೆ ಕೊಡು’ ಎಂದು ಗೇಟ್‌ವೇ ಬರೆದಾಯಿತು. ಗುಡ್ಡದ ರೂಟರ್‌ಗೆ ‘ಹೊರಗಿನದೆಲ್ಲ 10.20.0.1ಕ್ಕೆ’ ಎಂದು ಬರೆದಾಯಿತು. ಶಾಲೆಯಿಂದ ಹೊರಟ ಪ್ಯಾಕೆಟ್ ಪೇಟೆ ಮುಟ್ಟುತ್ತದೆ, ಇಂಟರ್‌ನೆಟ್‌ಗೂ ಹೋಗುತ್ತದೆ, ಉತ್ತರವೂ ಪೇಟೆಗೆ ಬರುತ್ತದೆ. 10.20.11ರ ಜಾಲ ಎಲ್ಲಿದೆ ಎಂದು ಪೇಟೆಯ ರೂಟರ್‌ಗೆ ಯಾರೂ ಹೇಳಿಲ್ಲ. ಉತ್ತರ ಅಲ್ಲೇ ಬಿದ್ದುಹೋಗುತ್ತದೆ. ಹೋಗುವ ದಾರಿ ಹಾಕಿ ಬರುವ ದಾರಿ ಮರೆಯುವುದು ಈ ಕೆಲಸದಲ್ಲಿ ಅತಿ ಸಾಮಾನ್ಯ. ಪೇಟೆಯ ರೂಟರ್‌ನಲ್ಲಿ ‘10.20ರಿಂದ ಶುರುವಾಗುವುದೆಲ್ಲ 10.20.0.4ಕ್ಕೆ’ ಎಂಬ ಒಂದೇ ಸಾಲು ಸೇರಿಸಿದರೆ ಸಾಕು, ಇವತ್ತಿನ ಮೂರಕ್ಕೂ ಮುಂದೆ ಸೇರುವ ಮೂವತ್ತಕ್ಕೂ ಅದೇ ಆಗುತ್ತದೆ. ಗುಡ್ಡದ ರೂಟರ್‌ನಲ್ಲಿ ಮಾತ್ರ ಶಾಲೆಗೆ, ಸೊಸೈಟಿಗೆ, ಪಂಚಾಯಿತಿಗೆ ಒಂದೊಂದು ಸಾಲು ಬೇಕು. ಜೊತೆಗೆ, ಈ ಯಾವ ಪಟ್ಟಿಯಲ್ಲೂ ಇಲ್ಲದ 10.20ರ ವಿಳಾಸ ಬಂದರೆ ಎಸೆದುಬಿಡು ಎಂಬ ಸಾಲನ್ನೂ ಹಾಕಬೇಕು. ಹಾಕದಿದ್ದರೆ ಇಲ್ಲದ ಮನೆಯ ಪ್ಯಾಕೆಟ್ಟನ್ನು ಗುಡ್ಡದವನು ಪೇಟೆಗೆ, ಪೇಟೆಯವನು ಗುಡ್ಡಕ್ಕೆ ತಳ್ಳುತ್ತ ಟಿಟಿಎಲ್ ಸೊನ್ನೆಯಾಗುವವರೆಗೆ ಎಂಟು ಕಿಲೋಮೀಟರ್ ಗಾಳಿಯನ್ನು ಸುಮ್ಮನೆ ದಣಿಸುತ್ತಾರೆ.

ಬರುವ ದಾರಿ ಬರೆಯುವ ತಾಪತ್ರಯ ಬೇಡವೆಂದೇ ಹಲವರು ಪ್ರತಿ ಡಿಶ್‌ನಲ್ಲೂ ನ್ಯಾಟ್ ಆನ್ ಮಾಡಿಬಿಡುತ್ತಾರೆ. ರೂಟರ್ ಮೋಡ್ ಆಯ್ದರೆ ಅನೇಕ ಪೆಟ್ಟಿಗೆಗಳಲ್ಲಿ ಅದು ತಾನಾಗಿಯೇ ಆನ್ ಆಗಿರುತ್ತದೆ. 1994ರಲ್ಲಿ ವಿಳಾಸದ ಬರಕ್ಕೆ ತಾತ್ಕಾಲಿಕ ಪರಿಹಾರವೆಂದು ಬರೆದಿಟ್ಟ ಪದ್ಧತಿ ಇದು: ಒಳಗಿನವರ ವಿಳಾಸ ಮರೆಸಿ, ಎಲ್ಲರೂ ಡಿಶ್‌ನ ಒಂದೇ ವಿಳಾಸದಿಂದ ಮಾತಾಡುವಂತೆ ಮಾಡುವುದು. ತಕ್ಷಣಕ್ಕೆ ನೆಟ್ ಬರುತ್ತದೆ. ಆದರೆ ಶಾಲೆಯ ವೈಫೈ ರೂಟರ್‌ನಲ್ಲಿ ಒಂದು ನ್ಯಾಟ್, ಡಿಶ್‌ನಲ್ಲಿ ಒಂದು, ಪೇಟೆಯಲ್ಲಿ ಒಂದು, ಅದರಾಚೆ ಇಂಟರ್‌ನೆಟ್ ಕಂಪನಿಯದೇ ಇನ್ನೊಂದು ಎಂದಾದಾಗ ಪಂಚಾಯಿತಿಯಿಂದ ಶಾಲೆಯ ಕ್ಯಾಮೆರಾ ನೋಡಲಾಗುವುದಿಲ್ಲ, ವಿಡಿಯೊ ಕರೆ ಅರ್ಧದಲ್ಲಿ ತೊಡರುತ್ತದೆ, ಯಾವ ಯಂತ್ರ ಲಿಂಕನ್ನೆಲ್ಲ ನುಂಗುತ್ತಿದೆ ಎಂದು ಪೇಟೆಯಿಂದ ಕಂಡುಹಿಡಿಯಲಾಗುವುದಿಲ್ಲ. ಖಾಸಗಿ ವಿಳಾಸ ಹೊರಜಗತ್ತಿಗೆ ಇಳಿಯುವ ಬಾಗಿಲಲ್ಲಿ, ಅಂದರೆ ಪೇಟೆಯ ರೂಟರ್‌ನಲ್ಲಿ, ನ್ಯಾಟ್ ಬೇಕೇ ಬೇಕು. ನಮ್ಮ ಕೈಯಲ್ಲಿರುವ ಜಾಲದೊಳಗೆ ಅದು ಎಲ್ಲಿಯೂ ಬೇಡ ಎಂಬುದು ನನ್ನ ಗಟ್ಟಿ ನಿಲುವು.

ಇಷ್ಟೆಲ್ಲ ಬರೆದ ಮೇಲೂ ರೇಡಿಯೊದ ಪಾಲನ್ನು ಕಡೆಗಣಿಸುವಂತಿಲ್ಲ. ಎಂಟು ಕಿಲೋಮೀಟರ್‌ನ 5.8 ಗಿಗಾಹರ್ಟ್ಸ್ ಲಿಂಕ್‌ಗೆ ನಟ್ಟನಡುವೆ ಸುಮಾರು ಹತ್ತು ಮೀಟರ್ ತ್ರಿಜ್ಯದಷ್ಟು ಬಯಲು ಬೇಕು, ಕನಿಷ್ಠ ಆರು ಮೀಟರಾದರೂ ಸಿಗಬೇಕು. ಬೇಸಿಗೆಯಲ್ಲಿ ಚೆನ್ನಾಗಿದ್ದ ಲಿಂಕ್ ಆಷಾಢದಲ್ಲಿ ಬಳಲುವುದು ಮಳೆಹನಿಗಿಂತ ಹೆಚ್ಚಾಗಿ ಚಿಗುರಿ ಒದ್ದೆಯಾದ ಎಲೆಗಳಿಂದ. ಇನ್ನು ಕಾನೂನು: 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 5 ಗಿಗಾಹರ್ಟ್ಸ್‌ನ ದೊಡ್ಡ ಭಾಗವನ್ನು, 5725ರಿಂದ 5875 ಮೆಗಾಹರ್ಟ್ಸ್‌ವರೆಗಿನದೂ ಸೇರಿದಂತೆ, ಶಕ್ತಿಯ ಮಿತಿ ಹಾಕಿ ಪರವಾನಗಿಯಿಂದ ಮುಕ್ತಗೊಳಿಸಿತು. ಇಷ್ಟರಿಂದ ಇಂಟರ್‌ನೆಟ್ ಮಾರುವ ಹಕ್ಕು ಬರುವುದಿಲ್ಲ, ಅದಕ್ಕೆ ಬೇರೆಯೇ ಲೈಸೆನ್ಸ್ ಬೇಕು.

ದೂರದ ರೇಡಿಯೊದ ವಿಳಾಸ ಬದಲಿಸುವ ಕೆಲಸವೇ ಅತಿ ಅಪಾಯದ್ದು. ಒಂದು ಅಂಕಿ ತಪ್ಪಿದರೆ ಆ ಪೆಟ್ಟಿಗೆ ಕೈಗೆ ಸಿಗುವುದಿಲ್ಲ, ಗುಡ್ಡ ಹತ್ತಬೇಕು. ಯಾವಾಗಲೂ ದೂರದ್ದನ್ನು ಮೊದಲು ಬದಲಿಸಿ, ಹತ್ತಿರದ್ದನ್ನು ಆಮೇಲೆ. ಮೈಕ್ರೊಟಿಕ್‌ನಲ್ಲಿ ‘ಸೇಫ್ ಮೋಡ್’ ಒತ್ತಿ ಕೆಲಸ ಶುರುಮಾಡಿದರೆ, ನಡುವೆ ಸಂಪರ್ಕ ಕಡಿದರೆ ಮಾಡಿದ ಬದಲಾವಣೆಗಳೆಲ್ಲ ತಾವಾಗಿ ಹಿಂದಕ್ಕೆ ಹೋಗುತ್ತವೆ. ಅದನ್ನು ಒತ್ತದೆ ಗುಡ್ಡದ ರೂಟರ್ ಮುಟ್ಟುವುದು ಬೇಡ.

ಈ ಪಾಠವನ್ನು ಪಕ್ಕದ ತಮಿಳುನಾಡಿನ ಒಂದು ಜಾಲ ಚೆನ್ನಾಗಿ ಕಲಿತಿತ್ತು. 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ ಮದುರೈಯಲ್ಲಿ ಶುರುಮಾಡಿದ ಅರವಿಂದ ಕಣ್ಣಿನ ಆಸ್ಪತ್ರೆ, ತೇನಿಯ ತನ್ನ ಶಾಖೆಯಿಂದ ಸುತ್ತಲಿನ ಹಳ್ಳಿ-ಪಟ್ಟಣಗಳ ನೇತ್ರ ಕೇಂದ್ರಗಳಿಗೆ ದೂರದ ವೈಫೈ ಲಿಂಕ್ ಹಾಕಿತು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಎರಿಕ್ ಬ್ರೂವರ್ ಅವರ ತಂಡ ಅದರ ಜೊತೆಗಿತ್ತು. ಹಳ್ಳಿಯ ರೋಗಿ ಕೇಂದ್ರದಲ್ಲೇ ಕೂತು, ತೇನಿಯ ವೈದ್ಯರೊಡನೆ ವಿಡಿಯೊದಲ್ಲಿ ಮಾತಾಡುವ ವ್ಯವಸ್ಥೆ. ದೂರಕ್ಕೆ ಹೊಂದದ ಮಾಮೂಲು ವೈಫೈಯನ್ನು ತಿದ್ದಿದ ಬಗೆಯನ್ನು ಆ ತಂಡ 2007ರಲ್ಲಿ ಬರೆಯಿತು. 2008ರ ಇನ್ನೊಂದು ಪ್ರಬಂಧ ನನಗೆ ಅದಕ್ಕಿಂತ ಮುಖ್ಯ: ಹಳ್ಳಿಯ ಜಾಲವನ್ನು ವರ್ಷಗಟ್ಟಲೆ ಬದುಕಿಸಿಡುವುದು ಹೇಗೆ ಎಂಬುದು ಅದರ ವಿಷಯ. ಕೆಟ್ಟ ಕರೆಂಟ್ ದೊಡ್ಡ ಶತ್ರು ಎಂದು ಅವರು ಕಂಡುಕೊಂಡರು. ಅದರ ಜೊತೆಗೇ ವಿಳಾಸ ಅಥವಾ ದಾರಿಯ ಸೆಟ್ಟಿಂಗ್ ತಪ್ಪಿ ರೂಟರ್ ಕೈತಪ್ಪಿಹೋಗುವುದೂ ಅವರನ್ನು ಕಾಡಿತು. ಅದಕ್ಕೆ ಅವರು ಮಾಡಿದ ಉಪಾಯ: ಪ್ರತಿ ರೇಡಿಯೊಗೂ ನಾವು ಕೊಡುವ ವಿಳಾಸದ ಜೊತೆಗೆ ತಾನಾಗಿಯೇ ಮೂಡುವ ಇನ್ನೊಂದು ವಿಳಾಸ. ಮೊದಲಿನದು ಎಷ್ಟೇ ಕೆಟ್ಟಿರಲಿ, ಪಕ್ಕದ ರೇಡಿಯೊವರೆಗೆ ಹೋಗಿ, ಅಲ್ಲಿಂದ ಆ ಎರಡನೆಯ ವಿಳಾಸ ಹಿಡಿದು ಒಳಹೊಕ್ಕು ತಿದ್ದಬಹುದು.

ಅವರು ಕೈಯಾರೆ ಮಾಡಿಕೊಂಡ ಆ ಅನುಕೂಲ ಐಪಿಯ ಆರನೆಯ ಆವೃತ್ತಿಯಲ್ಲಿ ನಿಯಮವಾಗಿಯೇ ಇದೆ. ಅದನ್ನು ಆನ್ ಮಾಡಿದ ಪ್ರತಿ ಯಂತ್ರದ ಪ್ರತಿ ಕಿಂಡಿಗೂ ಎಫ್‌ಇ80ರಿಂದ ಶುರುವಾಗುವ ಒಂದು ವಿಳಾಸ ಇರಲೇಬೇಕು. ಅದು ಆ ಒಂದು ಲಿಂಕ್‌ನೊಳಗೆ ಮಾತ್ರ ಸಲ್ಲುತ್ತದೆ, ಯಾರೂ ಬರೆಯಬೇಕಿಲ್ಲ. ಇಂಟರ್‌ನೆಟ್ ಕಂಪನಿ ಆರನೆಯ ಆವೃತ್ತಿ ಕೊಡದಿದ್ದರೂ ಸರಿ, ರೇಡಿಯೊಗಳಲ್ಲೂ ರೂಟರ್‌ಗಳಲ್ಲೂ ಅದನ್ನು ಆನ್ ಮಾಡಿಟ್ಟು, ಪಾಸ್‌ವರ್ಡ್ ಗಟ್ಟಿಯಾಗಿಟ್ಟುಕೊಳ್ಳಿ. ಗುಡ್ಡದ ರೇಡಿಯೊದ 10.20.0.3 ಕೆಟ್ಟುಹೋದ ದಿನ, ಪೇಟೆಯ ರೂಟರ್‌ನಿಂದ ಎಫ್‌ಎಫ್02::1 ಎಂಬ, ಲಿಂಕ್‌ನಲ್ಲಿರುವ ಎಲ್ಲರಿಗೂ ಸಲ್ಲುವ ವಿಳಾಸಕ್ಕೆ ಒಂದು ಪಿಂಗ್, ಅಂದರೆ ‘ಇದ್ದೀಯಾ?’ ಎಂಬ ಕರೆ, ಕೊಟ್ಟರೆ ಸಾಮಾನ್ಯವಾಗಿ ಆಚೆ ತುದಿಯ ರೇಡಿಯೊ ತನ್ನ ಎಫ್‌ಇ80 ವಿಳಾಸದಿಂದ ಉತ್ತರ ಕೊಡುತ್ತದೆ. ಅದೇ ವಿಳಾಸಕ್ಕೆ ಲಾಗಿನ್ ಆಗಿ ತಪ್ಪಿದ ಅಂಕಿಯನ್ನು ಪೇಟೆಯಲ್ಲೇ ಕೂತು ತಿದ್ದಬಹುದು.